ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆ ಕಲಿಸುವುದು: ಒಬ್ಬರೇ ಕಲಿಸುತ್ತೀರಾ, ಸಹೋದ್ಯೋಗಿಗಳನ್ನು ಜೊತೆಗೆ ಸೇರಿಸಿಕೊಳ್ಳುತ್ತೀರಾ?

ತೂಬುಕಲ್ಲು

ನಾನು ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಸಂಶೋಧನಾ ವಿಧಾನ ಎಂಬ ಪಾಠವನ್ನು ಹನ್ನೆರಡು ವರ್ಷಗಳಿಂದ ಮಾಡುತ್ತಿದ್ದೇನೆ. ಅದರಲ್ಲಿ ಮೊದಲ ಎಂಟು ವರ್ಷ ಮಾಡಿದ್ದು ಉಕ್ತಲೇಖನವೇ ಹೊರತು ಪಾಠವಲ್ಲ. ಪ್ರಾಥಮಿಕ ಆಕರ ಎಂದರೇನು, ದ್ವಿತೀಯಕ ಆಕರ ಎಂದರೇನು ಎಂದು ನಾನು ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅಷ್ಟನ್ನೂ ಒಪ್ಪಿಸುತ್ತಿದ್ದರು. ಎರಡರಲ್ಲಿ ಒಂದನ್ನೂ ಕಣ್ಣಾರೆ ಕಂಡವರು ತರಗತಿಯಲ್ಲಿ ಯಾರೂ ಇರಲಿಲ್ಲ.

ಮೊದಲ ಸಲ ಸಹೋದ್ಯೋಗಿಗಳನ್ನು ಸೇರಿಸಿಕೊಂಡಾಗ ಮುಗ್ಗರಿಸಿದೆವು. ಐದು ವಿಭಾಗ, ಐದು ಅಧ್ಯಾಪಕರು, ಒಂದು ಸಮಿತಿ. ತಿಂಗಳಿಗೆರಡು ಸಭೆ, ಪ್ರತಿ ಸಭೆಗೂ ನಡಾವಳಿ, ಚಹಾ, ಬೋಂಡ. ವರ್ಷದ ಕೊನೆಗೆ ನಲವತ್ತು ಪುಟದ ನೀಲಿ ಕಡತವೊಂದು ತಯಾರಾಯಿತು. ವಿದ್ಯಾರ್ಥಿಗಳು ಅಂತರ್ಜಾಲದಿಂದ ಇಳಿಸಿಕೊಂಡದ್ದನ್ನು ಐದು ಭಾಗ ಮಾಡಿ ಐವರಿಗೂ ಕೊಟ್ಟಿದ್ದರು. ಐವರೂ ಸಹಿ ಹಾಕಿದೆವು. ನನ್ನ ಸಹಿಯೂ ಅಲ್ಲಿದೆ.

ಎರಡನೆಯ ಸಲ ಸಮಿತಿ ಬೇಡವೆಂದೆವು. ನಾನು, ನಮ್ಮ ಗ್ರಂಥಪಾಲಕಿ, ಗಣಿತದ ಮೇಷ್ಟ್ರು, ಮೂವರೇ. ಕೆಲಸವೂ ಒಂದೇ: ಕಾಲೇಜಿನಿಂದ ಹನ್ನೊಂದು ಕಿಲೋಮೀಟರ್ ದೂರದ ಹಳ್ಳಿಯ ಕೆರೆ ಏರಿಯ ಮೇಲೆ ನಿಂತಿರುವ ಒಂದು ಶಾಸನದ ಕಲ್ಲು. ಹದಿನೆಂಟು ವಿದ್ಯಾರ್ಥಿಗಳಿಗೆ ಕೇಳಿದ ಪ್ರಶ್ನೆಯೂ ಒಂದೇ: ಈ ಕಲ್ಲು ಯಾವಾಗಿನದು, ಏನು ಹೇಳುತ್ತದೆ, ಅದು ಹೇಳುವ ಕೆರೆ ಇದೇ ಹೌದೆ?

ಮಧ್ಯಾಹ್ನ ಹೋದವರಿಗೆ ಕಲ್ಲಿನ ಮೇಲೆ ಒಂದಕ್ಷರವೂ ಕಾಣಲಿಲ್ಲ. ಕಲ್ಲಿನ ಮೇಲಿನ ಪಾಚಿಯನ್ನು ಉಜ್ಜಿ ತೆಗೆಯಲು ಹೊರಟ ಇಬ್ಬರನ್ನು ತಡೆದು ಬೈದೆ. ಸಂಜೆ ಆರೂವರೆಗೆ ಮತ್ತೆ ಹೋದೆವು. ಮೊಬೈಲ್ ಟಾರ್ಚನ್ನು ಕಲ್ಲಿಗೆ ನೇರವಾಗಿ ಹಿಡಿಯದೆ ಪಕ್ಕದಿಂದ, ಹೆಚ್ಚುಕಡಿಮೆ ಕಲ್ಲಿಗೆ ಒರಗಿಸಿದಂತೆ ಹಿಡಿದಾಗ ಅಕ್ಷರಗಳ ಗುಳಿಯಲ್ಲಿ ನೆರಳು ತುಂಬಿತು. ಸಾಲುಗಳು ಎದ್ದು ಬಂದವು. ಒಬ್ಬ ಹುಡುಗಿ "ಅಯ್ಯೋ, ಇದು ಕನ್ನಡ!" ಎಂದಳು. ತೆಲುಗಿರಬೇಕು ಎಂದು ಅದುವರೆಗೆ ಅಂದುಕೊಂಡಿದ್ದಳಂತೆ.

ಜಗಳ ಶುರುವಾದದ್ದು ಶಕವರ್ಷದ ಕೊನೆಯ ಅಂಕಿಯಲ್ಲಿ. ಅದರ ಅರ್ಧ ಚಕ್ಕೆ ಎದ್ದು ಹೋಗಿತ್ತು. ಒಂದು ಗುಂಪು 1214 ಎಂದಿತು, ಇನ್ನೊಂದು 1218 ಎಂದಿತು. ನನಗೂ ತಿಳಿಯಲಿಲ್ಲ. ಆದರೆ ಸಂವತ್ಸರದ ಹೆಸರು ಸ್ಪಷ್ಟವಾಗಿತ್ತು: ನಂದನ. ಆಗ ಗಣಿತದ ಮೇಷ್ಟ್ರು ಮಾಡಿದ್ದನ್ನು ಅವರೇ ಇಲ್ಲಿ ಬರೆಯಲಿ, ಅವರೂ ಈ ಅಂತರ್ಜಾಲ ಚರ್ಚಾ ಬಳಗದಲ್ಲಿದ್ದಾರೆ.

ನನ್ನ ಪ್ರಶ್ನೆ ಇಷ್ಟು. ಬೇರೆ ಕಡೆ ನೀವು ಇಂಥದ್ದನ್ನು ಹೇಗೆ ಮಾಡುತ್ತಿದ್ದೀರಿ? ಯಾರ ಜೊತೆ? ಎಲ್ಲಿ ಕೈ ಸುಟ್ಟುಕೊಂಡಿರಿ?

ಶೇಷ ಸೊನ್ನೆ

ನಾನೇ ಆ ಗಣಿತದವನು. ಕನ್ನಡ ಮೇಷ್ಟ್ರು ಕರೆದಾಗ ಕೆರೆ ನೋಡಿಕೊಂಡು ಬರೋಣವೆಂದು ಹೋದೆ, ನನಗಲ್ಲಿ ಕೆಲಸವಿದೆ ಎಂದು ಗೊತ್ತಿರಲಿಲ್ಲ.

ಸಂವತ್ಸರಗಳು 60, ಪ್ರಭವದಿಂದ ಅಕ್ಷಯದವರೆಗೆ ಸುತ್ತುತ್ತವೆ. ಹಾಗಿದ್ದರೆ ಶಕವರ್ಷಕ್ಕೂ ಸಂವತ್ಸರಕ್ಕೂ ಒಂದು ಲೆಕ್ಕದ ನಂಟು ಇರಲೇಬೇಕಲ್ಲ ಎಂದು ವಿದ್ಯಾರ್ಥಿಗಳನ್ನೇ ಕೇಳಿದೆ. ಸೂತ್ರ ಹೇಳಿಕೊಡಲಿಲ್ಲ. ನನಗೆ ಬಾಯಿಪಾಠವೂ ಇರಲಿಲ್ಲ. ಕಳೆದ ಯುಗಾದಿಯ ಪಂಚಾಂಗವೊಂದು ಯಾರದೋ ಮೊಬೈಲಿನಲ್ಲಿತ್ತು: ಶಕ 1946, ಕ್ರೋಧಿ. ಕ್ರೋಧಿ 38ನೆಯದು. 1946ನ್ನು 60ರಿಂದ ಭಾಗಿಸಿದರೆ ಶೇಷ 26. 38 ಬರಬೇಕಾದರೆ ಇನ್ನೂ 12 ಬೇಕು. ಅಂದರೆ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. ಏರಿಯ ಮೇಲೆ ಕುಳಿತೇ ಒಬ್ಬ ಹುಡುಗ ಇದನ್ನು ಕಂಡುಹಿಡಿದ. ಬಿಎ ಓದುವವನು, ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವನು.

1214ಕ್ಕೆ 12 ಕೂಡಿಸಿದರೆ 1226, ಶೇಷ 26, ನಂದನ. 1218 ಆದರೆ ಶೇಷ 30, ದುರ್ಮುಖಿ. ಕಲ್ಲಿನ ಮೇಲಿರುವುದು ನಂದನ. ಶಕಕ್ಕೆ 78 ಸೇರಿಸಿ, ಕ್ರಿ.ಶ. 1292. ಜಗಳ ಮುಗಿಯಿತು ಎಂದುಕೊಂಡೆವು. ಅಷ್ಟರಲ್ಲಿ ಇನ್ನೊಬ್ಬಳು, "ಸರ್, ಒಂದು ವರ್ಷದ ಮೇಲೆ ಕಟ್ಟಿದ ಸೂತ್ರ ಏಳುನೂರು ವರ್ಷ ಹಿಂದಕ್ಕೂ ಸರಿಯೇ ಎಂದು ಹೇಗೆ ನಂಬುವುದು?" ಎಂದು ಕೇಳಿದಳು. ಹದಿನೈದು ವರ್ಷದ ಕೆಲಸದಲ್ಲಿ ನನ್ನ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾರನೆಯ ದಿನ ಗ್ರಂಥಾಲಯದಲ್ಲಿ ತಾಳೆ ನೋಡಿದೆವು. ವಿಜಯನಗರ ಸ್ಥಾಪನೆಗೆ ಸಂಪ್ರದಾಯ ಹೇಳುವ ವರ್ಷ ಶಕ 1258, ಧಾತು. 1270ನ್ನು 60ರಿಂದ ಭಾಗಿಸಿದರೆ ಶೇಷ 10, ಧಾತು ಹತ್ತನೆಯದು. ಸರಿಹೋಯಿತು. ತುಂಬಾ ಹಳೆಯ ಶಾಸನಗಳಲ್ಲಿ, ಅಂದರೆ ಸುಮಾರು ಹತ್ತನೆಯ ಶತಮಾನಕ್ಕೆ ಹಿಂದೆ, ಈ ಲೆಕ್ಕ ಕೈಕೊಡಬಹುದು. ಆಗ ಸಂವತ್ಸರ ಎಣಿಸುವ ಕ್ರಮ ಬೇರೆಯೂ ಇತ್ತು.

ಹದಿನಾರು ಗಂಟೆ

ಓದಲು ಚೆನ್ನಾಗಿದೆ. ನನ್ನ ಹೆಸರೇ ಹೇಳುವಂತೆ ನಾನು ಲೆಕ್ಕ ಕೇಳುವವನು. ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು ಎನ್ನುತ್ತದೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ. ಇಬ್ಬರು ಒಂದೇ ತರಗತಿಯಲ್ಲಿ ನಿಂತರೆ ಆ ಗಂಟೆ ಯಾರ ಖಾತೆಗೆ? ನಮ್ಮಲ್ಲಿ ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರು. ಅವರ ಕಾರ್ಯಭಾರದಲ್ಲಿ ಒಂದು ಗಂಟೆ ಕಡಿಮೆಯಾದರೆ ಮುಂದಿನ ವರ್ಷ ಕೆಲಸವೇ ಇಲ್ಲದಿರಬಹುದು. "ಜೊತೆಗೂಡಿ ಮಾಡೋಣ ಬನ್ನಿ" ಎಂದು ಕಾಯಂ ಅಧ್ಯಾಪಕರು ಕರೆದಾಗ ಅವರಿಗೆ ಬೇಡ ಎನ್ನಲೂ ಆಗುವುದಿಲ್ಲ, ಬರಲೂ ಆಗುವುದಿಲ್ಲ.

ಇನ್ನೊಂದು ಮಾತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, ಕೊನೆಯ ವರ್ಷ ಸಂಶೋಧನೆ ಎಂದರು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ನಡುವೆ ನಾವು ಸಿದ್ಧಪಡಿಸಿದ ಪಾಠಪಟ್ಟಿಗಳು ಬೀರುವಿನಲ್ಲಿವೆ. ಇನ್ನು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬರುವ ವರ್ಷ ಎಲ್ಲರೂ ಸಂಶೋಧಕರೇ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳ ಸಂಖ್ಯೆ ಬೇಕಲ್ಲ! ನಿಮ್ಮ ನೀಲಿ ಕಡತದ ಅಣ್ಣತಮ್ಮಂದಿರು ರಾಜ್ಯದ ಪ್ರತಿ ಕಾಲೇಜಿನಲ್ಲೂ ಇದ್ದಾರೆ.

ಕಪಾಟಿನ ಕೀಲಿಕೈ

ಕೆರೆ ಏರಿಗೆ ಹೋದ ಗ್ರಂಥಪಾಲಕಿ ನಾನು. ಹದಿನಾರು ಗಂಟೆಯವರೇ, ನನ್ನ ಹುದ್ದೆಗೆ ತರಗತಿಯ ಕಾರ್ಯಭಾರವೇ ಇಲ್ಲ, ಹಾಗಾಗಿ ಯಾರ ಗಂಟೆಯನ್ನೂ ನಾನು ಕಸಿಯುವುದಿಲ್ಲ. ಎಲ್ಲರೂ ಮರೆಯುವ ಸಹೋದ್ಯೋಗಿ ಎಂದರೆ ಗ್ರಂಥಪಾಲಕರೇ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟ ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲೇ ಆ ವಿಜ್ಞಾನದ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿದರು. ಅದೇ ನಾಡಿನ ಕಾಲೇಜುಗಳಲ್ಲಿ ನಮ್ಮನ್ನು ಕರೆಯುವುದು ಬಾಕಿ ಪುಸ್ತಕ ಇಲ್ಲ ಎಂಬ ಚೀಟಿಗೆ.

ವಿದ್ಯಾರ್ಥಿಗಳು ನನ್ನ ಬಳಿ ಕಲಿತದ್ದರಲ್ಲಿ ಹೆಚ್ಚಿನದು ಎಡವಟ್ಟುಗಳಿಂದ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮ ಕಲ್ಲನ್ನು ಹುಡುಕಿ ಎಂದೆ. ಬಿ. ಎಲ್. ರೈಸ್ ತಂದ ಹಳೆಯ ಮಾಲೆಯಲ್ಲಿ ತುಮಕೂರು ಜಿಲ್ಲೆಗೆ 12ನೆಯ ಸಂಪುಟ. ತಾಲ್ಲೂಕಿನ ಹೆಸರಿನ ಸಂಕ್ಷಿಪ್ತ ರೂಪ, ಪಕ್ಕದಲ್ಲಿ ಸಂಖ್ಯೆ, ಇದೇ ಶಾಸನದ ವಿಳಾಸ. ಆದರೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಪರಿಷ್ಕೃತ ಮಾಲೆಯಲ್ಲಿ ಸಂಪುಟಗಳ ವಿಂಗಡಣೆಯೇ ಬೇರೆ, ಸಂಖ್ಯೆಗಳೂ ಬೇರೆ. ಒಂದು ಗುಂಪು ಯಾವುದೋ ಲೇಖನದಿಂದ ಸಂಖ್ಯೆ ತಂದಿತ್ತು, ಹಳೆಯದೋ ಹೊಸದೋ ನೋಡಿರಲಿಲ್ಲ. ಎರಡು ದಿನ ಬೇರೊಂದು ಊರಿನ ವೀರಗಲ್ಲನ್ನು ಓದಿ ತಮ್ಮದೇ ಎಂದು ಟಿಪ್ಪಣಿ ಮಾಡಿಕೊಂಡರು. ನಾನು ನೋಡಿದ್ದೆ. ಸುಮ್ಮನಿದ್ದೆ. ಮೂರನೆಯ ದಿನ ಅವರಿಗೇ ಹೊಳೆಯಿತು: "ಮೇಡಂ, ಇದರಲ್ಲಿ ಕೆರೆಯೇ ಇಲ್ಲ!" ಆ ಗುಂಪು ಈಗ ಅಡಿಟಿಪ್ಪಣಿಯಲ್ಲಿ ಆವೃತ್ತಿಯನ್ನು ಬಿಡುವುದಿಲ್ಲ.

ಇನ್ನೊಂದು ಗುಂಪು ಎಐ ಸಾಧನವನ್ನು ಕೇಳಿತು. ಅದು ಅಳುಕಿಲ್ಲದೆ ಸಂಪುಟ, ಸಂಖ್ಯೆ, ಪುಟ ಮೂರನ್ನೂ ಕೊಟ್ಟಿತು. ಆ ಸಂಖ್ಯೆಯಲ್ಲಿ ಇದ್ದದ್ದು ಬೇರೆಯೇ ಕಲ್ಲು, ಬೇರೆಯೇ ಶತಮಾನ. ನಾನು ಒಂದು ಗಂಟೆ ಎಚ್ಚರಿಕೆಯ ಭಾಷಣ ಮಾಡಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಹುಡುಕಾಟದ ಬಗ್ಗೆ ಕನ್ನಡಕ್ಕೇ ಇರುವ ಒಂದು ತೊಡಕನ್ನು ಹೇಳಬೇಕು. ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡ ಪ್ರಬಂಧಗಳು ಬೇಕಾದಷ್ಟಿವೆ. ಆದರೆ ಹಳೆಯ ನುಡಿ ತಂತ್ರಾಂಶ ಮುಂತಾದವುಗಳ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಬೆರಳಚ್ಚು ಮಾಡಿದ ಕಡತವಾದರೆ ಒಳಗಿನ ಪದಗಳು ಹುಡುಕಾಟಕ್ಕೆ ಸಿಕ್ಕುವುದೇ ಇಲ್ಲ. ನಕಲು ಮಾಡಿ ಅಂಟಿಸಿದರೆ ಬರುವುದು ಮಂತ್ರದಂಥ ಗೀಚು. ಅದಕ್ಕೇ ಶೀರ್ಷಿಕೆಯನ್ನು ಕನ್ನಡದಲ್ಲೊಮ್ಮೆ, ರೋಮನ್ ಲಿಪಿಯ ಎರಡು ಮೂರು ಕಾಗುಣಿತಗಳಲ್ಲೊಮ್ಮೆ ಹುಡುಕಲು ಕಲಿಸುತ್ತೇನೆ. ಇದು ಯಾವ ಸಂಶೋಧನಾ ವಿಧಾನದ ಪಠ್ಯದಲ್ಲೂ ನನಗೆ ಕಂಡಿಲ್ಲ.

ದೂರದ ಕಪಾಟು

ಹಾಸನದವಳು, ಈಗ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಗ್ರಂಥಪಾಲಕಿ. ಕಪಾಟಿನ ಕೀಲಿಕೈ ಅವರೇ, ಇಲ್ಲಿಯೂ ಪಾಡು ಬೇರೆಯಲ್ಲ. ಪ್ರಾಧ್ಯಾಪಕರು ಸೆಮಿಸ್ಟರಿಗೊಮ್ಮೆ ಒಂದು ಗಂಟೆಗೆ ಕರೆದು, ಡೇಟಾಬೇಸ್ ತೋರಿಸಿ ಎಂದು ಹೇಳಿ ತಾವು ಹಿಂದಿನ ಬೆಂಚಿನಲ್ಲಿ ಮೇಲ್ ನೋಡುತ್ತಾ ಕೂರುತ್ತಾರೆ. ಕಾಲೇಜು ಗ್ರಂಥಾಲಯಗಳ ಇಲ್ಲಿನ ಸಂಘ 2016ರಲ್ಲಿ ಮಾಹಿತಿ ಹುಡುಕಿ ಬಳಸುವುದನ್ನು ಕಲಿಸಲು ಒಂದು ಹೊಸ ಚೌಕಟ್ಟನ್ನು ಅಂಗೀಕರಿಸಿತು. ಅದರ ಆರು ವಿಚಾರಗಳಲ್ಲಿ ಎರಡು ನನಗೆ ಇಷ್ಟ: ಸಂಶೋಧನೆ ಎಂದರೆ ಪ್ರಶ್ನೆಯಿಂದ ಪ್ರಶ್ನೆಗೆ ಸಾಗುವುದು, ವಿದ್ವತ್ತು ಎಂದರೆ ಮಾತುಕತೆ. ಕಾಗದದ ಮೇಲೆ ಅಂದವಾಗಿದೆ. ನಿಮ್ಮ ಏರಿಯ ಮೇಲೆ ಅದು ಚೌಕಟ್ಟಿಲ್ಲದೆಯೇ ನಡೆದಿದೆ. ನನಗೆ ಹೊಟ್ಟೆಕಿಚ್ಚು.

ಸುಂಕದ ಕಟ್ಟೆ

ಅರ್ಥಶಾಸ್ತ್ರದವನು. ಮೂವರ ಗುಂಪಿಗೆ ನಾಲ್ಕನೆಯವನಾಗಿ ಎರಡನೆಯ ವರ್ಷ ಸೇರಿದೆ. ಎಲ್ಲರೂ ಸೊಗಸಾದದ್ದನ್ನೇ ಹೇಳುತ್ತಿದ್ದೀರಿ, ನಾನು ಕನ್ನಡ ಮೇಷ್ಟ್ರ ಜೊತೆ ಜಗಳವಾಡಿದ್ದನ್ನು ಹೇಳುತ್ತೇನೆ. ಎರಡು ಸಲ ಆಡಿದ್ದೇವೆ, ಎರಡೂ ವಿದ್ಯಾರ್ಥಿಗಳ ಎದುರೇ.

ಮೊದಲನೆಯದು ಬಿತ್ತುವಟ್ಟದ ಮೇಲೆ. ಕೆರೆ ಕಟ್ಟಿಸಿದವನಿಗೆ ಕೆರೆಯ ಕೆಳಗೆ ಬಿಟ್ಟುಕೊಡುತ್ತಿದ್ದ ಗದ್ದೆ ಅದು. ಕಲ್ಲಿನಲ್ಲಿ ಹತ್ತು ಕೊಳಗ ಗದ್ದೆ ಎಂದಿತ್ತು. "ಎಷ್ಟು ಎಕರೆ ಸರ್?" ಎಂದು ಒಬ್ಬ ಕೇಳಿದ. ಕನ್ನಡ ಮೇಷ್ಟ್ರು ಒಂದು ಅಂಕಿ ಹೇಳಿಯೇಬಿಟ್ಟರು. ನಾನು ತಡೆದೆ. ಕೊಳಗವೆಂದರೆ ಆ ಗದ್ದೆಗೆ ಹಿಡಿಯುವ ಬಿತ್ತನೆ ಬೀಜದ ಅಳತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎನ್ನುವುದು ಸರಿ, ಆದರೆ ಕೊಳಗದ ಗಾತ್ರ ಊರಿಂದೂರಿಗೆ ಬೇರೆ, ಬೀಜ ಹಿಡಿಯುವ ಪ್ರಮಾಣ ಮಣ್ಣಿಗೆ ತಕ್ಕಂತೆ ಬೇರೆ. ಆ ಊರಿನ, ಆ ಕಾಲದ ಕೊಳಗ ಎಷ್ಟಿತ್ತೆಂದು ಗೊತ್ತಾಗದೆ ಎಕರೆಗೆ ಪರಿವರ್ತಿಸಿದರೆ ಅದು ಕಟ್ಟುಕಥೆ ಎಂದೆ. ಅವರ ಮುಖ ಕೆಂಪಾಯಿತು. ಆಮೇಲೆ ಬೋರ್ಡಿನ ಮೇಲೆ ಬರೆದ ಅಂಕಿಯನ್ನು ಅವರೇ ಒರೆಸಿ, "ಹತ್ತು ಕೊಳಗ ಎಂದೇ ಬರೆಯಿರಿ" ಎಂದರು. ಆ ದಿನ ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ, ಅದು ಬೇರೆ ಮಾತು.

ಎರಡನೆಯ ಜಗಳ ದೊಡ್ಡದು. ಆ ಹಳ್ಳಿಯಲ್ಲಿ ಕೆರೆ ನೀರನ್ನು ಗದ್ದೆಗಳಿಗೆ ಬಿಡುತ್ತಿದ್ದ ಹಳೆಯ ನೀರುಗಂಟಿಯೊಬ್ಬರಿದ್ದಾರೆ, ಎಂಬತ್ತು ದಾಟಿದವರು. ತೂಬು ಯಾವಾಗ ಎತ್ತುತ್ತಿದ್ದರು, ಕೋಡಿ ಬಿದ್ದ ವರ್ಷಗಳು ಯಾವುವು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿಸಲು ರಾತ್ರಿ ಹೇಗೆ ಕಾಯುತ್ತಿದ್ದರು, ಎಲ್ಲವನ್ನೂ ಹೇಳಿದರು. ಮಾತಿನ ಭರದಲ್ಲಿ ಕೆರೆಯಂಗಳ ಯಾರು ಯಾರು ಒತ್ತಿದ್ದಾರೆ ಎನ್ನುವುದನ್ನೂ ಹೇಳಿಬಿಟ್ಟರು. ವಿದ್ಯಾರ್ಥಿಗಳು ಜಮೀನಿನ ಸರ್ವೆ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ತೆಗೆದು ನೋಡಿದರೆ ಅವರ ಮಾತು ಬಹುಮಟ್ಟಿಗೆ ಹೊಂದುತ್ತಿತ್ತು. ನನ್ನ ವಾದ: ಇದು ದಾಖಲೆಗೆ ತಾಳೆಯಾಗುವ ಮಾಹಿತಿ, ವರದಿಯಲ್ಲಿ ಇರಲೇಬೇಕು. ಕನ್ನಡ ಮೇಷ್ಟ್ರ ವಾದ: ನಾವು ಬಸ್ಸು ಹತ್ತಿ ಬರುತ್ತೇವೆ, ಆ ಅಜ್ಜ ಅದೇ ಊರಿನಲ್ಲಿ ಇರಬೇಕು.

ಒಂದೂವರೆ ಗಂಟೆ ವಾದ ನಡೆಯಿತು. ಕೊನೆಗೆ ಒಬ್ಬಳು ವಿದ್ಯಾರ್ಥಿನಿ, "ಅಜ್ಜನನ್ನೇ ಕೇಳಬಹುದಲ್ಲ ಸರ್" ಎಂದಳು. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ ಎನ್ನಲು ನಾಚಿಕೆಯಾಗುತ್ತದೆ. ವಿದ್ಯಾರ್ಥಿಗಳು ಹೋಗಿ, ಬರೆದದ್ದನ್ನು ಓದಿ ಹೇಳಿದರು. ಅಜ್ಜ ಎರಡು ಸಾಲು ತೆಗೆಸಿದರು, ಒಂದು ತಿದ್ದಿಸಿದರು, ತಮ್ಮ ಹೆಸರನ್ನು ಮಾತ್ರ ತೆಗೆಯಬೇಡಿ, ಇರಲಿ ಎಂದರು. "ನಾನು ನೀರು ಬಿಟ್ಟದ್ದು ಸುಳ್ಳೇ?" ಎಂದು ಕೇಳಿದರಂತೆ.

ಎಂಎ ಎರಡನೆಯ ವರ್ಷ

ಆ ಹದಿನೆಂಟು ಜನರಲ್ಲಿ ನಾನೂ ಒಬ್ಬಳು. ತೆಲುಗು ಎಂದುಕೊಂಡಿದ್ದವಳು ನಾನೇ, ಮೇಷ್ಟ್ರೇ, ಅದನ್ನು ಇಲ್ಲಿ ಬರೆಯದೆ ಇರಬಹುದಿತ್ತು.

ನನಗೆ ಈಗಲೂ ನೆನಪಿರುವುದು ಸೂತ್ರವಲ್ಲ. ಕನ್ನಡ ಮೇಷ್ಟ್ರು ಕಲ್ಲಿನ ಮುಂದೆ ಮಂಡಿಯೂರಿ, ಬಹಳ ಹೊತ್ತು ನೋಡಿ, "ನನಗೆ ಇದು ಓದಲು ಆಗುತ್ತಿಲ್ಲ" ಎಂದದ್ದು. ಅದುವರೆಗೆ ಮೇಷ್ಟ್ರುಗಳಿಗೆ ಓದಲಾಗದ್ದು ಇರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನಮ್ಮ ಊರಿನ ಶಾಲೆಯಲ್ಲಿ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಅಧಿಕಪ್ರಸಂಗ ಎನ್ನುತ್ತಿದ್ದರು.

ಎಂಎಗೆ ಬಂದಾಗ ಹಲ್ಮಿಡಿ ಶಾಸನದ ಪಾಠವಿತ್ತು. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದದ್ದು, ಕನ್ನಡದ ಮೊದಲ ಶಾಸನ, ಕಾಲ ಸುಮಾರು 450 ಎಂದು ಬರೆಸಿದರು. ನಾನು ಕೈಯೆತ್ತಿ, ಕಲ್ಲಿನ ಮೇಲೆ ವರ್ಷ ಇಲ್ಲವಲ್ಲ, 450 ಎಲ್ಲಿಂದ ಬಂತು ಎಂದು ಕೇಳಿದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ 2013ರ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು 370ರದು ಎನ್ನುತ್ತಾರಲ್ಲ, ಅದು ಏಕೆ ಪಾಠದಲ್ಲಿಲ್ಲ ಎಂದೂ ಕೇಳಿದೆ. ಒಬ್ಬರು ಸಿಡುಕಿದರು. ಇನ್ನೊಬ್ಬರು ತರಗತಿ ಮುಗಿದ ಮೇಲೆ ಕರೆದು ಒಂದು ಲೇಖನದ ಜೆರಾಕ್ಸ್ ಕೊಟ್ಟರು. ನನ್ನ ಕಿರುಪ್ರಬಂಧ ಈಗ ಅವರ ಬಳಿಯೇ.

ಒಂದು ದೂರೂ ಇದೆ. ಸಂಜೆ ಆರೂವರೆಗೆ ಕೆರೆ ಏರಿ ಎಂದರೆ ಹುಡುಗಿಯರಿಗೆ ಕೊನೆಯ ಬಸ್ಸು ತಪ್ಪುತ್ತದೆ. ನಮ್ಮಲ್ಲಿ ನಾಲ್ವರು ಮನೆಯಲ್ಲಿ ಬೈಸಿಕೊಂಡೆವು, ಒಬ್ಬಳು ಎರಡನೆಯ ಸಲ ಬರಲೇ ಇಲ್ಲ. ಅದನ್ನು ಯಾವ ಮೇಷ್ಟ್ರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ತೂಬುಕಲ್ಲು

ಕೊನೆಯ ಮಾತು ಸರಿಯಾಗಿ ತಾಗಿತು, ತಾಯಿ. ಈ ವರ್ಷದಿಂದ ಬೆಳಗಿನ ಎಳೆಬಿಸಿಲಿಗೆ ಹೋಗುತ್ತಿದ್ದೇವೆ. ಆಗಲೂ ಬೆಳಕು ಓರೆಯಾಗಿ ಬೀಳುತ್ತದೆ. ಕಲ್ಲು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದರೆ ಅಷ್ಟು ಉಪಯೋಗವಿಲ್ಲ, ಆಗ ಒಂದು ಕಪ್ಪು ಕಂಬಳಿ ಹಿಡಿದು ನೆರಳು ಮಾಡಿ ಟಾರ್ಚ್ ಬಿಡುತ್ತೇವೆ. ಕಂಬಳಿ ಉಪಾಯ ಅಟೆಂಡರದು. ಅವರ ಹೆಸರನ್ನೂ ವರದಿಯಲ್ಲಿ ಹಾಕಿದ್ದೇವೆ.

ಹದಿನಾರು ಗಂಟೆಯವರ ಪ್ರಶ್ನೆಗೆ ನನ್ನಲ್ಲಿ ಪೂರಾ ಉತ್ತರವಿಲ್ಲ. ನಾವು ಮಾಡಿದ್ದು ಇಷ್ಟು: ಇಬ್ಬರೂ ಒಟ್ಟಿಗೆ ನಿಲ್ಲುವುದು ಸೆಮಿಸ್ಟರಿಗೆ ನಾಲ್ಕೇ ಸಲ. ಉಳಿದಂತೆ ಅವರವರ ಗಂಟೆಯಲ್ಲಿ ಅವರವರ ಪಾಠ, ಆದರೆ ಉದಾಹರಣೆ ಅದೇ ಕಲ್ಲು, ಅದೇ ಕೆರೆ. ಗಣಿತದವರು ಶೇಷದ ಪಾಠಕ್ಕೆ ಸಂವತ್ಸರ ತೆಗೆದುಕೊಂಡರು, ನಾನು ಹಳಗನ್ನಡದ ವಿಭಕ್ತಿಗೆ ಶಾಸನದ ಸಾಲು ತೆಗೆದುಕೊಂಡೆ. ಕಾಲಪಟ್ಟಿ ಮುಟ್ಟಬೇಕಾಗಲಿಲ್ಲ, ಪ್ರಾಂಶುಪಾಲರ ಅನುಮತಿಯೂ ಬೇಕಾಗಲಿಲ್ಲ. ಅತಿಥಿ ಉಪನ್ಯಾಸಕರನ್ನು ನಾವಾಗಿ ಕರೆಯುವುದಿಲ್ಲ. ಬಂದವರನ್ನು ಬಿಡುವುದಿಲ್ಲ, ವರದಿಯಲ್ಲಿ ಅವರ ಹೆಸರು ಮೊದಲು.

ಇನ್ನೊಂದು ಕಟ್ಟುಪಾಡು: ಯಾರೂ ತಮ್ಮ ವಿಷಯದ ಉತ್ತರವನ್ನು ಮೊದಲೇ ಬೇರೆ ಅಧ್ಯಾಪಕರಿಗೆ ಹೇಳಿರಬಾರದು. ಕೊಳಗದ ವಿಷಯದಲ್ಲಿ ನಾನು ಮುಂಚೆಯೇ ಅರ್ಥಶಾಸ್ತ್ರದವರನ್ನು ಕೇಳಿಕೊಂಡಿದ್ದರೆ ಬೋರ್ಡಿನ ಮೇಲೆ ಸರಿಯಾದದ್ದನ್ನೇ ಬರೆಯುತ್ತಿದ್ದೆ. ವಿದ್ಯಾರ್ಥಿಗಳು ಅದನ್ನೂ ಉಕ್ತಲೇಖನದಂತೆ ಬರೆದುಕೊಳ್ಳುತ್ತಿದ್ದರು.

ಪ್ರಯೋಗಶಾಲೆ ಬಾಗಿಲು

ರಸಾಯನಶಾಸ್ತ್ರದವಳು. ನಮ್ಮಲ್ಲಿ ಪ್ರಯೋಗದ ದಾಖಲೆ ಪುಸ್ತಕವನ್ನು ಹಿರಿಯ ವಿದ್ಯಾರ್ಥಿಗಳಿಂದ ನಕಲು ಮಾಡುವುದು ವಾಡಿಕೆ, ಬರಬೇಕಾದ ಬೆಲೆ ಎಲ್ಲರಿಗೂ ಮೊದಲೇ ಗೊತ್ತು. ಕೆರೆ ನೀರಿನ ಗಡಸುತನವನ್ನು ಇಡಿಟಿಎ ಎಂಬ ರಾಸಾಯನಿಕದ ಟೈಟ್ರೇಶನ್‌ನಿಂದ ಅಳೆಯುವ ಪ್ರಯೋಗ ಪಠ್ಯದಲ್ಲೇ ಇದೆ, ಬಾಟಲಿಯಲ್ಲಿ ತಂದ ನೀರಿಗೆ ಮಾಡಿಸುತ್ತೇವೆ. ನಿಮ್ಮ ಕೆರೆಯ ನೀರು ಬೇಕಿತ್ತು. ಕೋಡಿಯ ಬಳಿ ಒಂದು, ತೂಬಿನ ಬಳಿ ಒಂದು, ಪಕ್ಕದ ಕೊಳವೆ ಬಾವಿಯದೊಂದು. ಉತ್ತರ ಏನು ಬರುತ್ತದೆಂದು ನನಗೂ ತಿಳಿಯದಂತೆ.

ತೂಬುಕಲ್ಲು

ಮೇಡಂ, ನೀರು ಮಾತ್ರವಲ್ಲ, ನೀವೂ ಬನ್ನಿ.

ಹದಿನಾರು ಗಂಟೆ

ನಾಲ್ಕು ಸಲ ಎಂದರೆ ಯೋಚಿಸಬಹುದು. ಒಪ್ಪಿದೆ ಎಂದಲ್ಲ.

ಬೇರೆ ವಿಷಯ. ಈ ಚರ್ಚೆ ಓದಿದ ಮೇಲೆ ಭಾನುವಾರ ನಮ್ಮೂರಿನ ಗುಡಿಯ ಹಿಂದಿನ ಕಲ್ಲು ನೋಡಲು ಹೋದೆ. ಚಿಕ್ಕಂದಿನಲ್ಲಿ ಅದರ ಮೇಲೆ ಕುಳಿತು ಗೋಲಿ ಆಡುತ್ತಿದ್ದೆವು. ಮಗಳ ಕೈಯಲ್ಲಿ ಟಾರ್ಚ್ ಹಿಡಿಸಿದೆ. ಶಕ 1446, ಸ್ವಭಾನು ಎಂದು ಓದಿದೆವು. ನಿಮ್ಮ ಲೆಕ್ಕ ಮಾಡಿದರೆ ಶೇಷ 18, ತಾರಣ ಬರುತ್ತದೆ. ಸ್ವಭಾನು 17. ಒಂದು ಹೆಚ್ಚು. ಸೂತ್ರ ತಪ್ಪೋ, ಕಲ್ಲು ತಪ್ಪೋ?

ಶೇಷ ಸೊನ್ನೆ

ಎರಡೂ ತಪ್ಪಿರಲಿಕ್ಕಿಲ್ಲ ಸರ್. ಸೂತ್ರ ಗತಿಸಿದ ವರ್ಷಕ್ಕೆ, ಅಂದರೆ ಪೂರ್ತಿ ಮುಗಿದ ವರ್ಷಗಳ ಎಣಿಕೆಗೆ ಹೊಂದುತ್ತದೆ. ಕೆಲವು ಶಾಸನಗಳಲ್ಲಿ ನಡೆಯುತ್ತಿರುವ ವರ್ಷವನ್ನು ಕೊಟ್ಟಿರುತ್ತಾರೆ, ಆಗ ಒಂದು ಹೆಚ್ಚಾಗುತ್ತದೆ. ಹಾಗಿದ್ದರೆ ನಿಮ್ಮ ಕಲ್ಲು 1523ರದು. "ಸಂದ" (ಅಂದರೆ ಕಳೆದ) ಎಂಬ ಪದವಾಗಲಿ, "ವರ್ತಮಾನ" ಎಂಬುದಾಗಲಿ ಅಂಕಿಯ ಆಚೀಚೆ ಇದೆಯೇ ನೋಡಿ. ಇನ್ನೊಂದು ಸಾಧ್ಯತೆ, ಕೊನೆಯ ಅಂಕಿ ೬ ಅಲ್ಲ, ೫. ಸವೆದ ಕಲ್ಲಿನಲ್ಲಿ ಇವೆರಡೂ ಒಂದೇ ತರಹ ಕಾಣುತ್ತವೆ.

ಕಪಾಟಿನ ಕೀಲಿಕೈ

ಊರು ಯಾವ ತಾಲ್ಲೂಕು ಎಂದು ಹೇಳಿ. ಈಗಿನದಲ್ಲ, ರೈಸ್ ಕಾಲದ್ದು. ಹಳೆಯ ಸಂಪುಟದಲ್ಲಿ ಅವರು ಹೇಗೆ ಓದಿದ್ದಾರೆ ನೋಡಿಕೊಡುತ್ತೇನೆ. ಆದರೆ ನೀವು ಇನ್ನೊಮ್ಮೆ ಕಲ್ಲಿನ ಹತ್ತಿರ ಹೋಗಿ ಬಂದ ಮೇಲೆ.

ಹದಿನಾರು ಗಂಟೆ

ಮಗಳು ೫ ಎಂದೇ ಹೇಳಿದ್ದಳು. ನಾನೇ ೬ ಎಂದು ಗದರಿದ್ದೆ. ನಾಳೆ ಬೆಳಿಗ್ಗೆ ಹೋಗುತ್ತೇವೆ.